ಮಕ್ಕಳಿಗೆ ವಿಶ್ವಾಸದ ಹಾಲುಣಿಸಿದ ತಾಯಿ

ಸಂತ ಎಲಿಜಬೆತ್ ಆನ್ ಸೀಟನ್‌ರವರ ಸ್ಮರಣೆ – ಜನವರಿ 4



ಕ್ರಿಸ್ತಜಯಂತಿಯ ಸಂಭ್ರಮ ಇನ್ನೂ ಮುಗಿದಿಲ್ಲ. ದೇವಾಲಯದಲ್ಲಿ ಗೋದಲಿ ಹಾಗೆಯೇ ಇದೆ, ಮನೆಗಳ ಮುಂದೆ ನಕ್ಷತ್ರಗಳು ಇನ್ನೂ ಬೆಳಗುತ್ತಿವೆ. ಗೋದಲಿಯ ಮುಂದೆ ನಿಂತಾಗ ನಮ್ಮ ಕಣ್ಣು ಮೊದಲು ಬಾಲಯೇಸುವಿನ ಮೇಲೆ, ಆಮೇಲೆ ಆ ಕಂದನನ್ನೇ ನೋಡುತ್ತಾ ಕುಳಿತ ತಾಯಿಯ ಮೇಲೆ ಹೋಗುತ್ತದೆ. ದೇವರ ಮಗನಿಗೂ ಒಬ್ಬ ತಾಯಿ ಬೇಕಾಯಿತು. ಕೈ ಜೋಡಿಸುವುದನ್ನು, ಪ್ರಾರ್ಥನೆಯ ಮಾತುಗಳನ್ನು ಆ ಮಗು ನಜರೇತಿನ ಮನೆಯಲ್ಲಿ ಮರಿಯಮ್ಮ ಮತ್ತು ಜೋಸೆಫರಿಂದಲೇ ಕಲಿತಿರಬೇಕು. ದೇವರು ತಮ್ಮ ಮಗನನ್ನೇ ಒಬ್ಬ ತಾಯಿಯ ಶಿಕ್ಷಣಕ್ಕೆ ಒಪ್ಪಿಸಿದರು ಎಂಬುದು ಸಣ್ಣ ಮಾತಲ್ಲ.

ಇದೇ ಕ್ರಿಸ್ತಜಯಂತಿಯ ಕಾಲದಲ್ಲಿ, ಜನವರಿ 4ರಂದು, ಅಮೆರಿಕದ ಧರ್ಮಸಭೆಯು ಇನ್ನೊಬ್ಬ ತಾಯಿಯ ಹಬ್ಬವನ್ನು ಆಚರಿಸುತ್ತದೆ. ಅವರೇ ಸಂತ ಎಲಿಜಬೆತ್ ಆನ್ ಸೀಟನ್. ಅವರು ಐದು ಮಕ್ಕಳ ತಾಯಿ. ಇಪ್ಪತ್ತೊಂಬತ್ತನೇ ವಯಸ್ಸಿಗೆ ವಿಧವೆಯಾದವರು. ಶಾಲೆ ನಡೆಸಿ ನೂರಾರು ಹೆಣ್ಣುಮಕ್ಕಳಿಗೆ ಧರ್ಮೋಪದೇಶ ಕಲಿಸಿದವರು. ಕೊನೆಗೆ ಒಂದು ಧಾರ್ಮಿಕ ಸಭೆಯನ್ನೇ ಸ್ಥಾಪಿಸಿದವರು. ನಮ್ಮ ಊರುಗಳಲ್ಲಿ ಅವರ ಹೆಸರನ್ನು ಬಲ್ಲವರು ಕಡಿಮೆ. ಆದರೆ ಅವರ ಬದುಕಿನ ಕಥೆ ಕೇಳಿದರೆ ನಮ್ಮ ಧರ್ಮಕೇಂದ್ರದ ಎಷ್ಟೋ ತಾಯಂದಿರ ಮುಖ ನಮ್ಮ ಕಣ್ಣ ಮುಂದೆ ಬರುತ್ತದೆ. ಆದುದರಿಂದ ಇಂದು ಅವರನ್ನು ಸ್ಮರಿಸೋಣ; ಅವರ ಮೂಲಕ, ನಮಗೆ ಶಿಲುಬೆಯ ಗುರುತು ಹಾಕಲು ಕಲಿಸಿದ ನಮ್ಮ ತಾಯಂದಿರನ್ನೂ ಸ್ಮರಿಸೋಣ.

ತಾಯಿಯಿಲ್ಲದ ಮಗು ತಾಯಿಯಾದುದು

ಎಲಿಜಬೆತ್ ಹುಟ್ಟಿದ್ದು 1774ರ ಆಗಸ್ಟ್ 28ರಂದು, ನ್ಯೂಯಾರ್ಕ್ ನಗರದಲ್ಲಿ. ಅವರದು ಕಥೋಲಿಕ ಕುಟುಂಬವಲ್ಲ. ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯ ಎಪಿಸ್ಕೋಪಲ್ ಸಭೆಗೆ ಸೇರಿದವರು. ತಂದೆ ರಿಚರ್ಡ್ ಬೇಲಿ ಹೆಸರಾಂತ ವೈದ್ಯರು. ಮಗುವಿಗೆ ಇನ್ನೂ ಮೂರು ವರ್ಷವಾಗಿರುವಾಗಲೇ ತಾಯಿ ತೀರಿಕೊಂಡರು. ತಾಯಿಯ ಮಡಿಲನ್ನು ಚೆನ್ನಾಗಿ ಕಾಣದ ಈ ಮಗುವೇ ಮುಂದೆ ಸಾವಿರಾರು ಜನರ ಬಾಯಲ್ಲಿ ‘ತಾಯಿ ಸೀಟನ್’ ಎಂದು ಕರೆಸಿಕೊಂಡದ್ದು ದೈವಚಿತ್ತವಲ್ಲದೆ ಮತ್ತೇನು?

1794ರಲ್ಲಿ ವಿಲಿಯಂ ಸೀಟನ್ ಎಂಬ ವ್ಯಾಪಾರಿಯೊಂದಿಗೆ ಅವರ ಮದುವೆಯಾಯಿತು. ಅನ್ನಾ ಮರಿಯಾ, ವಿಲಿಯಂ, ರಿಚರ್ಡ್, ಕ್ಯಾಥರಿನ್, ರೆಬೆಕ್ಕಾ ಎಂಬ ಐವರು ಮಕ್ಕಳು ಹುಟ್ಟಿದರು. 1798ರಲ್ಲಿ ಮಾವ ತೀರಿಕೊಂಡಾಗ ಗಂಡನ ಎಳೆಯ ತಮ್ಮ ತಂಗಿಯರ ಹೊಣೆಯೂ ಇವರ ಹೆಗಲಿಗೆ ಬಂತು. ಆ ಮಕ್ಕಳನ್ನೂ ಮನೆಯಲ್ಲೇ ಕೂರಿಸಿಕೊಂಡು ಪಾಠ ಹೇಳಿದರು. ಅದಕ್ಕೂ ಮುಂಚೆ, 1797ರಲ್ಲಿ, ಚಿಕ್ಕ ಮಕ್ಕಳಿರುವ ಬಡ ವಿಧವೆಯರಿಗೆ ನೆರವಾಗಲು ನ್ಯೂಯಾರ್ಕಿನ ಮಹಿಳೆಯರು ಒಂದು ಸಂಘ ಕಟ್ಟಿದಾಗ ಅದರ ಖಜಾಂಚಿಯಾಗಿ ಎಲಿಜಬೆತ್ ದುಡಿದರು. ಕೆಲವೇ ವರ್ಷಗಳಲ್ಲಿ ತಾನೂ ಚಿಕ್ಕ ಮಕ್ಕಳಿರುವ ಬಡ ವಿಧವೆಯಾಗುವೆನೆಂದು ಆಗ ಅವರಿಗೆ ಗೊತ್ತಿರಲಿಲ್ಲ.

ಸೆರೆಮನೆಯಂಥ ಕೋಣೆಯಲ್ಲಿ ಧರ್ಮೋಪದೇಶ

ಗಂಡನ ವ್ಯಾಪಾರ ಮುಳುಗಿತು. ಅದರ ಜೊತೆಗೆ ಕ್ಷಯರೋಗ ಹಿಡಿಯಿತು. ಬೆಚ್ಚಗಿನ ಹವೆಯಲ್ಲಿ ವಾಸಿಯಾದೀತು ಎಂಬ ಕೊನೆಯ ಆಸೆಯಿಂದ 1803ರಲ್ಲಿ ಗಂಡ ಹೆಂಡತಿ ಎಂಟು ವರ್ಷದ ಹಿರಿಯ ಮಗಳು ಅನ್ನಾಳನ್ನು ಕರೆದುಕೊಂಡು ಹಡಗಿನಲ್ಲಿ ಇಟಲಿಗೆ ಹೊರಟರು. ಉಳಿದ ನಾಲ್ವರು ಮಕ್ಕಳನ್ನು ಬಂಧುಗಳ ಬಳಿ ಬಿಟ್ಟು ಬಂದಿದ್ದರು. ಆದರೆ ಲಿವೋರ್ನೊ ಬಂದರಿನಲ್ಲಿ ಅವರನ್ನು ಊರೊಳಗೆ ಬಿಡಲಿಲ್ಲ. ನ್ಯೂಯಾರ್ಕಿನಲ್ಲಿ ಆಗ ಹಳದಿ ಜ್ವರ ಹರಡಿತ್ತು. ರೋಗಿಯಾದ ಗಂಡನನ್ನು ನೋಡಿದ ಅಧಿಕಾರಿಗಳು ಮೂವರನ್ನೂ ಕಡಲದಂಡೆಯ ಕ್ವಾರಂಟೈನ್ ಕಟ್ಟಡದಲ್ಲಿ ಇರಿಸಿದರು. ನವೆಂಬರ್ ಡಿಸೆಂಬರಿನ ಚಳಿ, ಕಲ್ಲಿನ ಗೋಡೆ, ಒಳನುಗ್ಗುವ ಗಾಳಿ, ರಕ್ತ ಕೆಮ್ಮುವ ಗಂಡ. ಸುಮಾರು ಒಂದು ತಿಂಗಳು ಹಾಗೆಯೇ ಕಳೆಯಿತು.

ಕೋವಿಡ್ ಕಾಲವನ್ನು ಕಂಡ ನಮಗೆ ಕ್ವಾರಂಟೈನ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕೋಣೆಯಲ್ಲಿ ಈ ತಾಯಿ ಏನು ಮಾಡಿದರು? ಗಂಡನ ಶುಶ್ರೂಷೆ ಮಾಡಿದರು. ದಿನವೂ ಪವಿತ್ರ ಗ್ರಂಥ ತೆರೆದು ಓದಿದರು, ಕೀರ್ತನೆಗಳನ್ನು ಹೇಳಿದರು, ಮೂವರೂ ಸೇರಿ ಪ್ರಾರ್ಥಿಸಿದರು. ಚಳಿ ತಡೆಯಲಾರದಾಗ ಪುಟ್ಟ ಅನ್ನಾ ಪೆಟ್ಟಿಗೆಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿಕೊಂಡು ಅದರಲ್ಲೇ ಕುಣಿದು ಮೈ ಬೆಚ್ಚಗೆ ಮಾಡಿಕೊಂಡಳಂತೆ. ಇದನ್ನೆಲ್ಲ ಎಲಿಜಬೆತ್ ತಮ್ಮ ನಾದಿನಿ ರೆಬೆಕ್ಕಾಳಿಗಾಗಿ ಬರೆದ ದಿನಚರಿಯಲ್ಲಿ ದಾಖಲಿಸಿದ್ದಾರೆ. ಡಿಸೆಂಬರ್ 27ರಂದು, ಕ್ರಿಸ್ತಜಯಂತಿ ಕಳೆದು ಎರಡೇ ದಿನಕ್ಕೆ, ಪೀಸಾ ನಗರದಲ್ಲಿ ವಿಲಿಯಂ ಕೊನೆಯುಸಿರೆಳೆದರು.

ಪ್ರಿಯರೇ, ಸ್ವಲ್ಪ ಯೋಚಿಸೋಣ. ಎಂಟು ವರ್ಷದ ಆ ಹುಡುಗಿ ಅಲ್ಲಿ ಏನನ್ನು ಕಲಿತಳು? ಅಲ್ಲಿ ಕರಿಹಲಗೆ ಇರಲಿಲ್ಲ, ಧರ್ಮೋಪದೇಶದ ಪುಸ್ತಕ ಇರಲಿಲ್ಲ, ಪ್ರಶ್ನೆ ಕೇಳಿ ಬಹುಮಾನ ಕೊಡುವವರೂ ಇರಲಿಲ್ಲ. ಆದರೆ ಅಪ್ಪ ಸಾಯುತ್ತಿರುವಾಗಲೂ ಅಮ್ಮ ದೇವರ ಮೇಲೆ ಮುನಿಸಿಕೊಳ್ಳದೆ ಮೊಣಕಾಲೂರಿದ್ದನ್ನು ಆ ಮಗು ನೋಡಿತು. ದೇವರು ಇದ್ದಾರೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಲೆ ಕಲಿಸೀತು? ನಮ್ಮ ಮಕ್ಕಳು ನಾವು ಹೇಳಿದ್ದನ್ನು ಮರೆಯಬಹುದು. ಕಷ್ಟ ಬಂದಾಗ ನಾವು ಏನು ಮಾಡಿದೆವು ಎಂಬುದನ್ನು ಅವರು ಮರೆಯುವುದಿಲ್ಲ.

ಪರಮಪ್ರಸಾದದ ಹಸಿವು

ಗಂಡನನ್ನು ಕಳೆದುಕೊಂಡ ಎಲಿಜಬೆತ್‌ರಿಗೂ ಮಗಳಿಗೂ ಲಿವೋರ್ನೊದ ಫಿಲಿಕ್ಕಿ ಕುಟುಂಬ ಆಸರೆ ನೀಡಿತು. ಅವರು ಗಂಡನ ವ್ಯಾಪಾರದ ಸ್ನೇಹಿತರು, ಭಕ್ತ ಕಥೋಲಿಕರು. ಈ ಕುಟುಂಬದ ಉಪವಾಸ, ದಿನನಿತ್ಯದ ಬಲಿಪೂಜೆ, ದುಃಖಿತರ ಬಗೆಗಿನ ಅಕ್ಕರೆ ಇವೆಲ್ಲ ಎಲಿಜಬೆತ್‌ರ ಮನಸ್ಸನ್ನು ತಟ್ಟಿದವು. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಸೆಳೆದದ್ದು ಪರಮಪ್ರಸಾದ. ಪ್ರಭು ನಿಜವಾಗಿಯೂ ಅಲ್ಲಿದ್ದಾರೆ ಎಂದು ಈ ಜನ ನಂಬುತ್ತಾರಲ್ಲ, ಅದು ನಿಜವಾದರೆ ಎಂಥ ಭಾಗ್ಯ ಎಂದು ಅವರ ಮನಸ್ಸು ಹಂಬಲಿಸಿತು. ಒಮ್ಮೆ ಪರಮಪ್ರಸಾದವನ್ನು ಬೀದಿಯಲ್ಲಿ ಕೊಂಡೊಯ್ಯುತ್ತಿದ್ದಾಗ ಕಿಟಕಿಯಿಂದ ಕಂಡು ಅವರು ಮೊಣಕಾಲೂರಿಬಿಟ್ಟರು. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡಿದ್ದ ಅವರು ಮಾತೆ ಮರಿಯಮ್ಮನವರಲ್ಲಿ ತಮಗೊಬ್ಬ ತಾಯಿ ಸಿಕ್ಕಳೆಂದು ಅತ್ತರು.

ನ್ಯೂಯಾರ್ಕಿಗೆ ಮರಳಿದ ಮೇಲೆ ಒಂದು ವರ್ಷ ಒಳಗೊಳಗೇ ಹೋರಾಟ ನಡೆಯಿತು. ಕೊನೆಗೆ 1805ರ ಮಾರ್ಚ್ 14ರಂದು ಸಂತ ಪೇತ್ರರ ದೇವಾಲಯದಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಆ ನಗರದಲ್ಲಿ ಆಗ ಇದ್ದ ಕಥೋಲಿಕ ದೇವಾಲಯ ಅದೊಂದೇ. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಕೂಲಿನಾಲಿ ಮಾಡುವ ವಲಸಿಗರು. ಹನ್ನೊಂದು ದಿನಗಳ ಬಳಿಕ, ಮಾರ್ಚ್ 25ರ ಮಂಗಳವಾರ್ತೆಯ ಹಬ್ಬದಂದು, ಅವರು ಪ್ರಥಮ ಪರಮಪ್ರಸಾದ ಸ್ವೀಕರಿಸಿದರು.

ಇದಕ್ಕೆ ಅವರು ತೆತ್ತ ಬೆಲೆ ಕಡಿಮೆಯದಲ್ಲ. ಶ್ರೀಮಂತ ಬಂಧುಗಳು ದೂರವಾದರು. ಮಕ್ಕಳನ್ನು ಸಾಕಲು ಪಾಠ ಹೇಳುವ ಕೆಲಸ ಹಿಡಿದರೆ, ಈಕೆ ಕಥೋಲಿಕಳು ಎಂದು ತಿಳಿದು ತಂದೆತಾಯಿಗಳು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಶಾಲಾ ಹುಡುಗರಿಗೆ ಊಟ ವಸತಿಯ ಮನೆ ನಡೆಸಿ ದಿನ ದೂಡಬೇಕಾಯಿತು. ಐದು ಮಕ್ಕಳ ಹೊಟ್ಟೆ, ಬಟ್ಟೆ, ಬಾಡಿಗೆ ಎಲ್ಲದಕ್ಕೂ ಪರದಾಟ. ಆದರೆ ಅವರು ಹಿಂದಕ್ಕೆ ಹೋಗಲಿಲ್ಲ. ಮಕ್ಕಳಿಗೆ ಆಸ್ತಿ ಬಿಡಲಾಗದಿದ್ದರೂ ಪರಮಪ್ರಸಾದವನ್ನು ಬಿಟ್ಟುಹೋಗಬೇಕು ಎಂಬುದು ಆ ತಾಯಿಯ ತೀರ್ಮಾನ.

ಮನೆಯಿಂದ ಶಾಲೆಗೆ

1808ರಲ್ಲಿ ಸುಲ್ಪೀಸಿಯನ್ ಗುರುಗಳಾದ ಸ್ವಾಮಿ ಡುಬೋರ್ಗ್‌ರವರ ಕರೆಯ ಮೇರೆಗೆ ಅವರು ಬಾಲ್ಟಿಮೋರಿಗೆ ಬಂದು ಹೆಣ್ಣುಮಕ್ಕಳಿಗೆ ಒಂದು ಸಣ್ಣ ಶಾಲೆ ತೆರೆದರು. ಅಲ್ಲಿ ಅಕ್ಷರ, ಲೆಕ್ಕಗಳ ಜೊತೆಗೆ ಧರ್ಮೋಪದೇಶವೂ ದಿನದ ಪಾಠವಾಗಿತ್ತು. ಕೆಲವು ಯುವತಿಯರು ಅವರೊಡನೆ ಸೇರಿದರು. 1809ರ ಮಾರ್ಚ್ 25ರಂದು ಅವರು ಅಮೆರಿಕದ ಮೊದಲ ಧರ್ಮಾಧ್ಯಕ್ಷರಾದ ಜಾನ್ ಕ್ಯಾರೊಲ್‌ರವರ ಮುಂದೆ ವ್ರತ ಸ್ವೀಕರಿಸಿದರು. ಅಂದಿನಿಂದ ಅವರು ತಾಯಿ ಸೀಟನ್. ಅದೇ ವರ್ಷ ಮೇರಿಲ್ಯಾಂಡ್ ರಾಜ್ಯದ ಎಮಿಟ್ಸ್‌ಬರ್ಗ್ ಎಂಬ ಬೆಟ್ಟದ ತಪ್ಪಲಿನ ಊರಿಗೆ ಹೋಗಿ, ಕಲ್ಲಿನ ಒಂದು ಪುಟ್ಟ ಮನೆಯಲ್ಲಿ ಸಹೋದರಿಯರ ಸಭೆಯನ್ನು ಆರಂಭಿಸಿದರು. 1810ರ ಫೆಬ್ರವರಿಯಲ್ಲಿ ಅಲ್ಲಿನ ಬಡ ಹೆಣ್ಣುಮಕ್ಕಳಿಗಾಗಿ ಸಂತ ಜೋಸೆಫರ ಉಚಿತ ಶಾಲೆ ತೆರೆಯಿತು.

ಅವರು ಧರ್ಮೋಪದೇಶ ಕಲಿಸಿದ ರೀತಿ ನಮ್ಮ ಗಮನಕ್ಕೆ ತಕ್ಕದ್ದು. ಸಭೆಯ ಮುಖ್ಯಸ್ಥೆಯಾಗಿದ್ದರೂ ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಸುಮ್ಮನಿರಲಿಲ್ಲ; ಅದಕ್ಕಾಗಿ ತಮ್ಮ ಕೈಯಿಂದಲೇ ಬೋಧನೆಗಳನ್ನು ಬರೆದು, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹೇಳಿಕೊಟ್ಟರು. ಇನ್ನೊಂದು ಮಾತು. ನಿಮ್ಮನ್ನೆಲ್ಲ ಕನ್ಯಾಸ್ತ್ರೀಯರನ್ನಾಗಿ ಮಾಡಲು ನಾನು ಬಂದಿಲ್ಲ, ನೀವು ಬಾಳಬೇಕಾದ ಲೋಕಕ್ಕೆ ನಿಮ್ಮನ್ನು ಅಣಿಗೊಳಿಸಲು, ಒಳ್ಳೆಯ ತಾಯಂದಿರಾಗುವುದನ್ನು ಕಲಿಸಲು ಬಂದಿದ್ದೇನೆ ಎಂಬ ಅರ್ಥದಲ್ಲಿ ಅವರು ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದರಂತೆ. ಎಂಥ ದೂರದೃಷ್ಟಿ ನೋಡಿ! ಒಬ್ಬ ಹುಡುಗಿಗೆ ಕಲಿಸಿದರೆ ನಾಳೆ ಒಂದು ಮನೆಗೇ ಕಲಿಸಿದಂತೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನೂಲು ಗಟ್ಟಿಯಿದ್ದರೆ ಸೀರೆ ಬಾಳುತ್ತದೆ.

ಮೊದಲು ತಾಯಿ, ಆಮೇಲೆ ಎಲ್ಲವೂ

ಸಭೆಗೆ ನಿಯಮ ರೂಪಿಸುವಾಗ ಒಂದು ತೊಡಕು ಬಂತು. ಫ್ರಾನ್ಸಿನಲ್ಲಿ ಸಂತ ವಿನ್ಸೆಂಟ್ ದ ಪೌಲ್ ಮತ್ತು ಸಂತ ಲೂಯಿಸ್ ದ ಮರಿಲಾಕ್ ತಮ್ಮ ಸಹೋದರಿಯರಿಗೆ ಕೊಟ್ಟಿದ್ದ ನಿಯಮವನ್ನು ಇಲ್ಲಿಗೂ ತರಬೇಕೆಂಬ ಆಲೋಚನೆಯಿತ್ತು. ಆದರೆ ಐದು ಮಕ್ಕಳ ತಾಯಿಯೊಬ್ಬರು ಸಭೆಯ ಮುಖ್ಯಸ್ಥೆಯಾಗಿರುವುದು ಹೇಗೆ? ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ತಾಯಿ ಸೀಟನ್ ತಮ್ಮ ನಿಲುವನ್ನು ಸ್ಪಷ್ಟಪಡಿಸಿದರು. ಎಲ್ಲ ಪ್ರಶ್ನೆಗೂ ತಮ್ಮದು ಒಂದೇ ಉತ್ತರ, ತಾವು ತಾಯಿ ಎಂಬುದೇ ಅವರ ಮಾತಿನ ತಿರುಳು. ಮಕ್ಕಳ ಹೊಣೆಯನ್ನು ಬಿಟ್ಟುಕೊಡಬೇಕಾದ ಯಾವ ವ್ರತಕ್ಕೂ ಅವರು ಒಪ್ಪಲಿಲ್ಲ. ಕೊನೆಗೆ ನಿಯಮವನ್ನೇ ಹೊಂದಿಸಲಾಯಿತು. ಅವರು ಸಭೆಗೂ ತಾಯಿ, ಮಕ್ಕಳಿಗೂ ತಾಯಿಯಾಗಿ ಉಳಿದರು. ದೇವರ ಸೇವೆಯ ಹೆಸರಿನಲ್ಲಿ ಮನೆಯ ಮಕ್ಕಳನ್ನು ಮರೆಯಬಾರದು ಎಂಬ ಪಾಠ, ಧರ್ಮಕೇಂದ್ರದ ಸಂಘಸಂಸ್ಥೆಗಳಲ್ಲಿ ಬಿಡುವಿಲ್ಲದೆ ದುಡಿಯುವವರಿಗೂ ಇಲ್ಲಿದೆ.

ಆದರೆ ಸಂತರ ಮನೆಯಲ್ಲಿ ಕಣ್ಣೀರು ಇರುವುದಿಲ್ಲ ಎಂದು ತಿಳಿಯಬೇಡಿ. ಕ್ವಾರಂಟೈನಿನಲ್ಲಿ ಹಗ್ಗ ಕುಣಿದ ಅನ್ನಾ ತಾಯಿಯ ಹಾದಿಯನ್ನೇ ಹಿಡಿಯಬಯಸಿದಳು. ಆದರೆ ತಂದೆಯನ್ನು ಕೊಂಡೊಯ್ದ ಕ್ಷಯ ಅವಳನ್ನೂ ಹಿಡಿಯಿತು. ಮರಣಶಯ್ಯೆಯಲ್ಲೇ ವ್ರತ ಸ್ವೀಕರಿಸಿ 1812ರ ಮಾರ್ಚಿನಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಅವಳು ಕಣ್ಮುಚ್ಚಿದಳು. ಮಂಜುಗಡ್ಡೆಯ ಮೇಲೆ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಕಿರಿಯ ಮಗಳು ರೆಬೆಕ್ಕಾ ವರ್ಷಗಟ್ಟಲೆ ನೋವು ತಿಂದು, 1816ರ ನವೆಂಬರಿನಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ ತಾಯಿಯ ತೋಳಿನಲ್ಲೇ ಪ್ರಾಣಬಿಟ್ಟಳು. ಮಕ್ಕಳನ್ನು ಮಣ್ಣಿಗಿಟ್ಟು ಬಂದ ತಾಯಂದಿರು ಇಂದು ಈ ಬಲಿಪೂಜೆಯಲ್ಲಿದ್ದರೆ, ತಾಯಿ ಸೀಟನ್ ನಿಮ್ಮ ಪಕ್ಕದಲ್ಲೇ ಕುಳಿತಿದ್ದಾರೆ ಎಂದು ತಿಳಿಯಿರಿ.

ಗಂಡುಮಕ್ಕಳಿಬ್ಬರದು ಬೇರೆ ಬಗೆಯ ನೋವು. ವಿಲಿಯಂಗೆ ಕಡಲಿನ ಹುಚ್ಚು. ಅಮೆರಿಕದ ನೌಕಾಪಡೆ ಸೇರಿದ. ಲಿವೋರ್ನೊದ ಫಿಲಿಕ್ಕಿಯವರ ಕಚೇರಿಯಲ್ಲಿ ಕೆಲಸಕ್ಕೆ ಸೇರಿಸಿದ್ದ ರಿಚರ್ಡ್ ಅಲ್ಲಿ ನೆಲೆ ನಿಲ್ಲಲಿಲ್ಲ. ಈ ಇಬ್ಬರು ಎಲ್ಲಿ ದೇವರಿಂದ ದೂರವಾಗುತ್ತಾರೋ ಎಂಬ ಚಿಂತೆ ತಾಯಿಯನ್ನು ಕೊನೆಯವರೆಗೂ ಬಿಡಲಿಲ್ಲ. ಅವರು ಮಾಡಬಹುದಾದದ್ದು ಎರಡೇ: ಪತ್ರ ಬರೆಯುವುದು, ಪ್ರಾರ್ಥಿಸುವುದು. ಎರಡನ್ನೂ ಬಿಡದೆ ಮಾಡಿದರು. 1821ರ ಜನವರಿ 4ರಂದು, ನಲವತ್ತಾರನೇ ವಯಸ್ಸಿನಲ್ಲಿ, ಅದೇ ಕ್ಷಯದಿಂದ ಅವರು ಪ್ರಭುವನ್ನು ಸೇರಿದರು. ಧರ್ಮಸಭೆಯ ಮಕ್ಕಳಾಗಿ ಬಾಳಿರಿ ಎಂಬುದೇ ಸುತ್ತ ನಿಂತ ಸಹೋದರಿಯರಿಗೆ ಅವರ ಕೊನೆಯ ಬುದ್ಧಿಮಾತಾಗಿತ್ತು. ಗಂಡುಮಕ್ಕಳು ದಾರಿಗೆ ಬಂದದ್ದನ್ನು ಕಣ್ಣಾರೆ ಕಂಡು ಸಾಯುವ ಸಮಾಧಾನ ಆ ತಾಯಿಗೆ ಸಿಗಲಿಲ್ಲ.

ಮುಂದೆ ಏನಾಯಿತು? ಎರಡು ವರ್ಷಗಳ ಬಳಿಕ, 1823ರಲ್ಲಿ, ರಿಚರ್ಡ್ ಆಫ್ರಿಕಾದ ಪಶ್ಚಿಮ ಕರಾವಳಿಯ ಲೈಬೀರಿಯಾದಲ್ಲಿದ್ದ. ಅಲ್ಲಿ ಜ್ವರದಿಂದ ಮಲಗಿದ್ದ ಒಬ್ಬರ ಆರೈಕೆಗೆ ನಿಂತ. ಅದೇ ಜ್ವರ ಅವನಿಗೂ ತಗುಲಿತು. ಹಡಗಿನಲ್ಲಿರುವಾಗಲೇ ಅವನು ತೀರಿಕೊಂಡ. ಯಾವ ಕೆಲಸದಲ್ಲೂ ನಿಲ್ಲದ ಹುಡುಗ ರೋಗಿಯ ಪಕ್ಕದಲ್ಲಿ ಕೊನೆಯವರೆಗೂ ನಿಂತ! ಇದನ್ನು ಅವನಿಗೆ ಯಾರು ಕಲಿಸಿದರು? ಅವನ ತಾತ, ವೈದ್ಯರಾದ ಬೇಲಿ, ಹಡಗಿನಲ್ಲಿ ಬಂದ ಬಡ ವಲಸಿಗರಿಗೆ ಚಿಕಿತ್ಸೆ ಮಾಡುವಾಗಲೇ ಜ್ವರ ತಗುಲಿ 1801ರಲ್ಲಿ ಪ್ರಾಣ ತೆತ್ತಿದ್ದರು. ಅವನ ತಾಯಿ ರೋಗಿಗಳ ಮಂಚದ ಬಳಿಯೇ ಬದುಕು ಸವೆಸಿದ್ದರು. ಉಳಿದ ಮಗಳು ಕ್ಯಾಥರಿನ್ 1846ರಲ್ಲಿ ನ್ಯೂಯಾರ್ಕಿನ ಕರುಣೆಯ ಸಹೋದರಿಯರ ಸಭೆಗೆ ಸೇರಿ, ದಶಕಗಳ ಕಾಲ ಸೆರೆಮನೆಯ ಕೈದಿಗಳನ್ನು ಭೇಟಿಮಾಡಿ ಸಂತೈಸಿ, 1891ರಲ್ಲಿ ತುಂಬುವಯಸ್ಸಿನಲ್ಲಿ ತೀರಿಕೊಂಡರು. ತಾಯಿ ಬಿತ್ತಿದ ಬೀಜ ಅವರು ಕಣ್ಮುಚ್ಚಿದ ಮೇಲೆ ಮೊಳೆಯಿತು. 1975ರ ಸೆಪ್ಟೆಂಬರ್ 14ರಂದು ಜಗದ್ಗುರು ಆರನೇ ಪೌಲರು ತಾಯಿ ಸೀಟನ್‌ರನ್ನು ಸಂತರೆಂದು ಘೋಷಿಸಿದರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹುಟ್ಟಿದವರಲ್ಲಿ ಸಂತ ಪದವಿಗೇರಿದ ಮೊದಲಿಗರು ಅವರೇ.

ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ?

ಪ್ರಿಯ ಸಹೋದರ ಸಹೋದರಿಯರೇ, ಈಗ ನಮ್ಮ ಮನೆಗಳತ್ತ ತಿರುಗೋಣ. ಮನೆ ಆಶೀರ್ವಾದಕ್ಕೆ, ರೋಗಿಗಳ ಭೇಟಿಗೆ ಮನೆಮನೆಗೆ ಹೋಗುವ ಗುರುಗಳಾದ ನಾವು ಪದೇ ಪದೇ ಕೇಳುವ ಒಂದು ಮಾತಿದೆ. ‘ಅಮ್ಮ ಇದ್ದಾಗ ದಿನಾ ಜಪಮಾಲೆ ಇತ್ತು ಫಾದರ್, ಅವರು ಹೋದ ಮೇಲೆ ನಿಂತುಹೋಯಿತು.’ ಗೋಡೆಯ ಮೇಲೆ ಅಮ್ಮನ ಭಾವಚಿತ್ರವಿದೆ, ಅದಕ್ಕೆ ಹಾರವಿದೆ, ಸಣ್ಣ ದೀಪವೂ ಉರಿಯುತ್ತದೆ. ವರ್ಷಕ್ಕೊಮ್ಮೆ ಅವರ ಆತ್ಮಶಾಂತಿಗಾಗಿ ಬಲಿಪೂಜೆಯೂ ಆಗುತ್ತದೆ. ಇವೆಲ್ಲ ಬೇಕು, ಒಳ್ಳೆಯದು. ಆದರೆ ಅಮ್ಮ ಬೆರಳಲ್ಲಿ ಎಣಿಸುತ್ತಿದ್ದ ಮಣಿಗಳು ಪೆಟ್ಟಿಗೆ ಸೇರಿವೆ. ಮೊಮ್ಮಕ್ಕಳಿಗೆ ಅಜ್ಜಿಯ ಹೆಸರು ಗೊತ್ತು, ಅಜ್ಜಿಯ ಪ್ರಾರ್ಥನೆ ಗೊತ್ತಿಲ್ಲ. ತಾಯಿಯನ್ನು ನೆನೆಯುತ್ತೇವೆ, ತಾಯಿ ಕಲಿಸಿದ್ದನ್ನು ಮರೆಯುತ್ತೇವೆ. ಇದು ಅರ್ಧ ಸ್ಮರಣೆ ಮಾತ್ರ.

ಇನ್ನು ಭಾನುವಾರದ ಧರ್ಮೋಪದೇಶ ತರಗತಿ. ವಾರದಲ್ಲಿ ಇರುವುದು 168 ಗಂಟೆ. ಅದರಲ್ಲಿ ತರಗತಿಗೆ ಸಿಗುವುದು ಒಂದು ಗಂಟೆ. ಆ ಒಂದು ಗಂಟೆಗೂ ಟ್ಯೂಷನ್, ಕ್ರಿಕೆಟ್ ಪಂದ್ಯ, ನೆಂಟರ ಮದುವೆ ಅಡ್ಡ ಬರುತ್ತವೆ. ಮಗು ತಡವಾಗಿ ಎದ್ದರೆ ಶಾಲೆಗೆ ಓಡಿಸುವ ನಾವು, ಧರ್ಮೋಪದೇಶದ ದಿನ ಮಲಗಲಿ ಪಾಪ ಎನ್ನುತ್ತೇವೆ. ಪ್ರಥಮ ಪರಮಪ್ರಸಾದಕ್ಕೂ ದೃಢೀಕರಣಕ್ಕೂ ಹೊಸ ಬಟ್ಟೆ, ಫೋಟೋ, ಊಟದ ಸಂಭ್ರಮ ಜೋರಾಗಿಯೇ ಇರುತ್ತದೆ. ಮುಂದಿನ ಭಾನುವಾರ ಆ ಮಗು ಎಲ್ಲಿ ಎಂದು ಹುಡುಕಬೇಕಾಗುತ್ತದೆ. ಆ ಒಂದು ಗಂಟೆಯ ಶಿಕ್ಷಕರು ಎಷ್ಟೇ ಒಳ್ಳೆಯವರಿರಲಿ, ಉಳಿದ 167 ಗಂಟೆಗಳಲ್ಲಿ ಮನೆ ಏನನ್ನು ಕಲಿಸುತ್ತದೋ ಮಗು ಅದನ್ನೇ ಕಲಿಯುತ್ತದೆ.

ಧರ್ಮಸಭೆ ಇದನ್ನು ಮತ್ತೆ ಮತ್ತೆ ನೆನಪಿಸಿದೆ. ಎರಡನೇ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆಯಿತು. 1965ರ ಶಿಕ್ಷಣ ಕುರಿತ ತನ್ನ ಘೋಷಣೆಯಲ್ಲಿ ತಂದೆತಾಯಿಗಳೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ಎಂದು ಸಾರಿತು. 1979ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಧರ್ಮೋಪದೇಶದ ಬಗ್ಗೆ ಬರೆದ ಪ್ರೇರಿತ ಪತ್ರದಲ್ಲಿ, ಮನೆಯ ಧರ್ಮೋಪದೇಶ ಬೇರೆಲ್ಲ ಧರ್ಮೋಪದೇಶಕ್ಕಿಂತ ಮೊದಲು ಬರುತ್ತದೆ, ಅದರ ಜೊತೆಗೇ ಸಾಗುತ್ತದೆ, ಅದನ್ನು ಸಮೃದ್ಧಗೊಳಿಸುತ್ತದೆ ಎಂದು ತಿಳಿಸಿದರು.

ಪವಿತ್ರ ಗ್ರಂಥವೂ ಇದನ್ನೇ ಹೇಳುತ್ತದೆ. ಧರ್ಮೋಪದೇಶಕಾಂಡದ ಆರನೇ ಅಧ್ಯಾಯದಲ್ಲಿ ದೇವರ ಆಜ್ಞೆಗಳನ್ನು ಮಕ್ಕಳಿಗೆ ಎಲ್ಲಿ ಕಲಿಸಬೇಕೆಂದು ಹೇಳಲಾಗಿದೆ? ಮನೆಯಲ್ಲಿ ಕುಳಿತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೇ ಪತ್ರದ ಆರಂಭದಲ್ಲೇ ಅವನ ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯ ವಿಶ್ವಾಸವನ್ನು ಹೆಸರು ಹಿಡಿದು ನೆನೆಯುತ್ತಾರೆ. ಒಬ್ಬ ಧರ್ಮಾಧ್ಯಕ್ಷನ ವಿಶ್ವಾಸದ ಬೇರು ಅಜ್ಜಿಯ ಮಡಿಲಲ್ಲಿತ್ತು! ಜನವರಿ 4ರಂದು ಸಾಮಾನ್ಯವಾಗಿ ಓದಲಾಗುವ ಶುಭಸಂದೇಶವನ್ನೂ ಗಮನಿಸಿ. ಇಬ್ಬರು ಶಿಷ್ಯರು ಯೇಸುವನ್ನು ಅವರು ಎಲ್ಲಿ ತಂಗಿದ್ದಾರೆಂದು ಕೇಳಿದಾಗ ಪ್ರಭು ಉಪನ್ಯಾಸ ಕೊಡಲಿಲ್ಲ. ಬಂದು ನೋಡುವಂತೆ ಕರೆದರು. ಅವರು ಹೋಗಿ ಆ ದಿನವೆಲ್ಲ ಪ್ರಭುವಿನ ಜೊತೆಗಿದ್ದರು. ವಿಶ್ವಾಸ ಒಂದು ಮನೆಯಲ್ಲಿ ಜೊತೆಗಿದ್ದು, ಕಂಡು ಕಲಿಯುವಂಥದು. ನಮ್ಮ ಮಕ್ಕಳು ನಮ್ಮ ಮನೆಗೆ ಬಂದು ನೋಡಿದರೆ ಅಲ್ಲಿ ಯೇಸು ತಂಗಿರುವುದು ಕಾಣುತ್ತದೆಯೇ?

ನಾವು ಮಾಡಬಹುದಾದ ಮೂರು ಕೆಲಸ

ಮೊದಲನೆಯದು, ದಿನಕ್ಕೊಮ್ಮೆ ಮನೆಯವರೆಲ್ಲ ಸೇರಿ ಪ್ರಾರ್ಥಿಸುವುದು. ಐವತ್ತಮೂರು ಮಣಿ ಹೇಳಲು ಆಗದಿದ್ದರೆ ಒಂದು ದಶಕ ಸಾಕು. ಟಿವಿಯನ್ನೂ ಮೊಬೈಲನ್ನೂ ಹತ್ತು ನಿಮಿಷ ದೂರವಿಟ್ಟು, ದೊಡ್ಡವರು ಮೊದಲು ಮೊಣಕಾಲೂರಿದರೆ ಚಿಕ್ಕವರು ತಾವಾಗಿಯೇ ಬಂದು ಕೂರುತ್ತಾರೆ.

ಎರಡನೆಯದು, ಮಕ್ಕಳ ಜೊತೆ ಧರ್ಮೋಪದೇಶದ ಪುಸ್ತಕ ತೆರೆಯುವುದು. ಗಣಿತದ ಅಂಕ ಕೇಳುವ ನಾವು, ಈ ವಾರ ಸ್ವಾಮಿ ಯಾವ ಶುಭಸಂದೇಶ ಓದಿದರು, ಟೀಚರ್ ಯಾವ ಕಥೆ ಹೇಳಿದರು ಎಂದು ಒಮ್ಮೆ ಕೇಳಬಾರದೇ? ನಮಗೆ ಉತ್ತರ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಮಗುವಿನ ಜೊತೆಗೇ ಕಲಿಯೋಣ. ತಾಯಿ ಸೀಟನ್ ಕೂಡ ಮೂವತ್ತನೇ ವಯಸ್ಸಿನಲ್ಲಿ ಕಥೋಲಿಕ ವಿಶ್ವಾಸವನ್ನು ಮೊದಲಿನಿಂದ ಕಲಿತವರು.

ಮೂರನೆಯದು, ಕಷ್ಟದ ದಿನಗಳಲ್ಲಿ ಮಕ್ಕಳ ಕಣ್ಣ ಮುಂದೆ ದೇವರನ್ನು ಬಿಡದಿರುವುದು. ಸಾಲ, ಕಾಯಿಲೆ, ಸಾವು ಎಲ್ಲ ಮನೆಗೂ ಬರುತ್ತವೆ. ಆಗ ನಾವು ಯಾರ ಬಳಿ ಓಡುತ್ತೇವೆ, ಯಾರನ್ನು ಬೈಯುತ್ತೇವೆ, ಯಾರ ಮುಂದೆ ಅಳುತ್ತೇವೆ ಎಂಬುದನ್ನು ಮಗು ನೋಡುತ್ತಿರುತ್ತದೆ. ಅಳುವುದು ತಪ್ಪಲ್ಲ. ಶಿಲುಬೆಯ ಮುಂದೆ ಅಳುವ ತಾಯಿಯನ್ನು ಕಂಡ ಮಗು, ಅಳಬೇಕಾದಾಗ ಎಲ್ಲಿಗೆ ಹೋಗಬೇಕೆಂದು ಕಲಿತಿರುತ್ತದೆ.

ತಂದೆಯಂದಿರೇ, ಇದೆಲ್ಲ ಹೆಂಗಸರ ಕೆಲಸ ಎಂದು ಹಿಂದಿನ ಬೆಂಚಿನಲ್ಲಿ ಸಮಾಧಾನಪಟ್ಟುಕೊಳ್ಳಬೇಡಿ. ನಜರೇತಿನ ಮನೆಯಲ್ಲಿ ಜೋಸೆಫರೂ ಇದ್ದರು. ಪ್ರಾರ್ಥನೆಯ ಹೊತ್ತಿಗೆ ಹೊರಗೆ ಹೋಗುವ ಅಪ್ಪನನ್ನು ನೋಡಿದ ಹುಡುಗ, ದೊಡ್ಡವನಾದ ಮೇಲೆ ತಾನೂ ಹೊರಗೆ ಹೋಗುತ್ತಾನೆ.

ನಮ್ಮ ಧರ್ಮೋಪದೇಶ ಶಿಕ್ಷಕರಿಗೂ ಉಪದೇಶಿಗಳಿಗೂ ಒಂದು ಮಾತು. ನಿಮ್ಮಲ್ಲಿ ಹೆಚ್ಚಿನವರು ತಾಯಂದಿರು. ಮನೆಯ ಅಡುಗೆ ಮುಗಿಸಿ, ಸಂಬಳವಿಲ್ಲದೆ, ಕೆಲವೊಮ್ಮೆ ಒಂದು ಕೃತಜ್ಞತೆಯ ಮಾತೂ ಇಲ್ಲದೆ ದುಡಿಯುತ್ತೀರಿ. 2021ರ ಮೇ 10ರಂದು ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು ಧರ್ಮೋಪದೇಶಕರ ಸೇವೆಯನ್ನು ಧರ್ಮಸಭೆಯ ಒಂದು ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ನಿಮ್ಮ ಕೆಲಸ ಎಷ್ಟು ದೊಡ್ಡದೆಂಬುದಕ್ಕೆ ಇದೇ ಸಾಕ್ಷಿ. ನಮ್ಮ ನಾಡಿನಲ್ಲಿಯೂ ಈ ಸೇವೆಗೆ ಹಳೆಯ ಬೇರುಗಳಿವೆ. 1870ರಲ್ಲಿ ಅಪೊಸ್ತಲಿಕ ಕಾರ್ಮೆಲ್ ಸಭೆಯ ಮೂವರು ಸಹೋದರಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ತೊಡಗಿದರು. ಆ ಸಭೆಯ ಸ್ಥಾಪಕಿ ತಾಯಿ ವೆರೋನಿಕಾ ಕೂಡ ತಾಯಿ ಸೀಟನ್‌ರಂತೆಯೇ ಆಂಗ್ಲಿಕನ್ ಪರಂಪರೆಯಿಂದ ಕಥೋಲಿಕ ಧರ್ಮಸಭೆಗೆ ಬಂದವರು. ಅಂದು ಅಂಥ ಶಾಲೆಗಳಲ್ಲಿ ಕಲಿತ ಹುಡುಗಿಯರು ಮುಂದೆ ನಮ್ಮ ಕುಟುಂಬಗಳ ಮುತ್ತಜ್ಜಿಯರಾದರು.

ಕೊನೆಯದಾಗಿ, ಮಕ್ಕಳು ದೇವಾಲಯದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾರೆ ಎಂದು ಕೊರಗುವ ತಂದೆತಾಯಿಗಳೇ, ನೀವು ಸೋತಿರಿ ಎಂದು ತಿಳಿಯಬೇಡಿ. ಸಂತರಾದ ತಾಯಿಯೂ ಈ ಕೊರಗನ್ನು ಹೊತ್ತೇ ಸತ್ತರು. ಬೀಜ ಮಣ್ಣಿನಡಿ ಎಷ್ಟು ದಿನ ಇರಬೇಕೆಂದು ನಿರ್ಧರಿಸುವವರು ನಾವಲ್ಲ. ಬೈದು ಬಾಗಿಲು ಮುಚ್ಚಬೇಡಿ. ಅವರು ಪತ್ರ ಬರೆದರು, ನೀವು ಫೋನ್ ಮಾಡಿ. ಅವರು ಪ್ರಾರ್ಥಿಸಿದರು, ನೀವೂ ಪ್ರಾರ್ಥಿಸಿ. ರಿಚರ್ಡ್ ರೋಗಿಯ ಪಕ್ಕದಲ್ಲಿ ನಿಂತ ಆ ದಿನ ದೇವರಿಗೆ ಗೊತ್ತಿತ್ತು, ತಾಯಿಗೆ ಗೊತ್ತಿರಲಿಲ್ಲ.

ಪ್ರಿಯರೇ, ಕಡೆಯ ಭೋಜನದ ರಾತ್ರಿ ಪ್ರಭು ಯೇಸು ತಮ್ಮ ಸ್ಮರಣೆಗಾಗಿ ಶಿಷ್ಯರಿಗೆ ಒಂದು ಚಿತ್ರವನ್ನೋ ಸ್ಮಾರಕವನ್ನೋ ಬಿಟ್ಟುಹೋಗಲಿಲ್ಲ. ಮಾಡಬೇಕಾದ ಒಂದು ಕಾರ್ಯವನ್ನು ಬಿಟ್ಟುಹೋದರು. ಆದುದರಿಂದಲೇ ಇಂದಿಗೂ ಈ ಬಲಿಪೀಠದ ಸುತ್ತ ನಾವು ಸೇರುತ್ತೇವೆ. ಕ್ರೈಸ್ತರ ಸ್ಮರಣೆ ಎಂದರೆ ಇದೇ: ಪ್ರೀತಿಸಿದವರು ಮಾಡಿದ್ದನ್ನು ನಾವೂ ಮಾಡುವುದು. ನಮ್ಮನ್ನು ಅಗಲಿದ ತಾಯಂದಿರಿಗೆ ನಾವು ಕೊಡಬಹುದಾದ ಅತ್ಯುತ್ತಮ ಕಾಣಿಕೆ ಇಂದು ಸಂಜೆ ಅವರ ಜಪಮಾಲೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ಅವರ ಮೊಮ್ಮಕ್ಕಳ ಕೈಗೆ ಕೊಟ್ಟು, ಮೊದಲ ಮಣಿಯನ್ನು ಅವರ ಜೊತೆ ಹೇಳುವುದು.

ಪ್ರಾರ್ಥಿಸೋಣ. ಪ್ರೀತಿಯ ತಂದೆಯೇ, ತಾಯಿ ಎಲಿಜಬೆತ್ ಆನ್ ಸೀಟನ್‌ರನ್ನು ಧರ್ಮಸಭೆಗೆ ದಯಪಾಲಿಸಿದ್ದಕ್ಕಾಗಿ ನಿಮಗೆ ಸ್ತೋತ್ರ. ನಮಗೆ ವಿಶ್ವಾಸವನ್ನು ಕಲಿಸಿ ನಿಮ್ಮ ಸನ್ನಿಧಿ ಸೇರಿದ ತಾಯಂದಿರಿಗೂ ಧರ್ಮೋಪದೇಶ ಶಿಕ್ಷಕರಿಗೂ ನಿತ್ಯ ವಿಶ್ರಾಂತಿ ನೀಡಿರಿ. ಇಂದು ಮಕ್ಕಳನ್ನು ಬೆಳೆಸುತ್ತಿರುವ ತಂದೆತಾಯಿಗಳಿಗೆ ತಾಳ್ಮೆಯನ್ನೂ ಧೈರ್ಯವನ್ನೂ ಕೊಡಿರಿ. ದೂರ ಹೋದ ಮಕ್ಕಳನ್ನು ಮರಳಿ ಮನೆಗೆ ಕರೆತನ್ನಿರಿ. ನಮ್ಮ ಒಂದೊಂದು ಮನೆಯೂ ನಜರೇತಿನ ಮನೆಯಾಗಲಿ. ನಮ್ಮ ಪ್ರಭು ಯೇಸುಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.